ಹಿಟ್ಟಿನ ಮಿಲ್ಲಿನ ಹಿಂದಿನ ಅಂಟಾರ್ಕ್ಟಿಕ

ಅಂಟಾರ್ಕ್ಟಿಕದ ಒಂದಿಷ್ಟು ಹಿಮ ಇಟ್ಟಮಡುವಿನ ಹಿಟ್ಟಿನ ಮಿಲ್ಲಿನ ಹಿಂದಿನ ಕೋಣೆಯಲ್ಲಿತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಆಗಲೂ ನಂಬುತ್ತಿರಲಿಲ್ಲ. ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯಲ್ಲಿ ಸಾಹೇಬರ ಸೋಫಾಕ್ಕೆ ಜಾಗವಿತ್ತು, ನನ್ನ ಫ್ರೀಜರಿಗೆ ಇರಲಿಲ್ಲ. ಬಾಡಿಗೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಬನಶಂಕರಿ ಮೂರನೇ ಹಂತ ದಾಟಿದ ಮೇಲೆ ಸಿಗುವ ಆ ಕೋಣೆಯನ್ನು ಹಿಡಿದುಕೊಟ್ಟರು. ಮುಂದೆ ಮಿಲ್ಲು, ಮೇಲೆ ಮಾಲೀಕರ ಮನೆ, ಹಿಂದೆ ನಾನು. ಹಿಮದೊಳಗೆ ಸಿಕ್ಕಿಕೊಂಡ ಧೂಳನ್ನು ಅಳೆಯುವವಳಿಗೆ ಹಿಟ್ಟಿನ ಮಿಲ್ಲಿನ ಪಕ್ಕ ಕೋಣೆ! ಬಾಗಿಲಿನ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿ, ತಲೆಗೆ ಟೋಪಿ ಹಾಕಿಕೊಂಡು ಕೂರುತ್ತಿದ್ದೆ. ಹಿಟ್ಟು ಬೀಸಿಸಲು ಬಂದ ಹೆಂಗಸರು ಕಿಟಕಿಯಲ್ಲಿ ಇಣುಕಿ, ಪಾಪ, ಈ ಮೇಡಂಗೆ ಏನೋ ಕಾಯಿಲೆ ಎಂದುಕೊಂಡಿದ್ದರು.

ಆ ಹಿಮವನ್ನು ನಾನೇ ಹೋಗಿ ತಂದಿದ್ದೆ. ಕೆಲವು ವರ್ಷ ಮೊದಲು, ಅಲ್ಲಿನ ಬೇಸಿಗೆಯಲ್ಲಿ, ಹಡಗಿನಲ್ಲಿ ಹೋಗುವಾಗಲೂ ಬರುವಾಗಲೂ ವಾಂತಿ ಮಾಡಿಕೊಳ್ಳುತ್ತ. ಸಮುದ್ರದ ಅಂಚಿನ ಒಂದು ಇಳಿಜಾರಿನಲ್ಲಿ ಬೈರಿಗೆಯಿಂದ ಕೊರೆದು ತೆಗೆದ ಉದ್ದನೆಯ ಹಿಮದ ಕಂಬಗಳವು. ಪ್ರತಿ ವರ್ಷ ಬಿದ್ದ ಹಿಮ ಹಿಂದಿನ ವರ್ಷದ ಮೇಲೆ ಕೂತು, ಗಟ್ಟಿಯಾಗಿ, ಪದರ ಪದರವಾಗಿ ನಿಂತಿರುತ್ತದೆ. ಒಂದೊಂದು ಪದರದಲ್ಲಿ ಆ ವರ್ಷದ ಗಾಳಿ ತಂದ ಧೂಳು, ಆ ವರ್ಷದ ಕಡಲಿನ ಉಪ್ಪು. ಉಪ್ಪು ನೋಡಿ, ಆ ವರ್ಷ ಕಡಲು ಎಷ್ಟು ದೂರದವರೆಗೆ ಹೆಪ್ಪುಗಟ್ಟಿತ್ತು ಎಂದು ಊಹಿಸಬಹುದಿತ್ತು. ಭೂಮಿ ಬಿಸಿಯಾಗುತ್ತಿದೆ ಎಂದರೆ ಜನ ನಗುತ್ತಿದ್ದ ಕಾಲ ಅದು. ಈ ಕಂಬಗಳನ್ನು ಮೇಲಿನಿಂದ ಕೆಳಗಿನವರೆಗೆ ಓದಿಬಿಟ್ಟರೆ ಯಾರ ನಗುವಿಗೂ ಉತ್ತರ ಕೊಡಬಹುದು ಎಂದು ನಂಬಿದ್ದೆ. ನನ್ನ ಪಾಲಿಗೆ ಬಂದದ್ದು ಅಷ್ಟೇ ಹಿಮ. ಹಡಗಿನಲ್ಲಿ ಬಿದ್ದು ಬೆನ್ನು ಕೆಡಿಸಿಕೊಂಡಿದ್ದರಿಂದ, ಇನ್ನೊಮ್ಮೆ ಹೋಗುವ ಮಾತೆತ್ತಬೇಡಿ ಎಂದು ಡಾಕ್ಟರು ಹೇಳಿಯಾಗಿತ್ತು.

ಕೆಲಸವೋ, ಆಮೆ ನಡಿಗೆ. ಉಗುರಿನಷ್ಟು ದಪ್ಪದ ಬಿಲ್ಲೆ ಕತ್ತರಿಸಬೇಕು, ಅದನ್ನು ಬೇರೆಯಾಗಿ ಕರಗಿಸಬೇಕು, ಅಳೆಯಲು ಇನ್ನೊಬ್ಬರ ಲ್ಯಾಬಿನ ಯಂತ್ರ ಖಾಲಿಯಾಗುವುದನ್ನು ಕಾಯಬೇಕು. ಮೇಲಿನ ಸ್ವಲ್ಪ ಭಾಗವಷ್ಟೇ ಮುಗಿದಿತ್ತು. ಉಳಿದದ್ದೆಲ್ಲ ಪ್ಲಾಸ್ಟಿಕ್ ಚೀಲಗಳಲ್ಲಿ, ಫ್ರೀಜರಿನಲ್ಲಿ.

ಕೋಣೆಯ ಇನ್ನೊಂದು ಕೀ ಮಾಲೀಕರ ಹತ್ತಿರ ಇತ್ತು. ಅವರು ಆ ಊರಿನ ಹಳೆಯ ಒಕ್ಕಲು. ಹೊಲವೆಲ್ಲ ಸೈಟಾದ ಮೇಲೆ ಮಿಲ್ಲು ಹಾಕಿದ್ದರು. ನಾನು ಯಜಮಾನರೇ ಎನ್ನುತ್ತಿದ್ದೆ. ಆಗಿನ ಬೆಂಗಳೂರಿನಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಹೋದ ಕೂಡಲೇ ಯಜಮಾನರು ಮಿಲ್ಲಿನಿಂದ ಓಡಿಬಂದು ಫ್ರೀಜರಿಗೆ ಕಂಬಳಿ ಹೊದಿಸುತ್ತಿದ್ದರು. ನನ್ನ ಮೇಲಧಿಕಾರಿಗಳಲ್ಲಿ ಒಬ್ಬರೂ ಆ ಹಿಮದ ಬಗ್ಗೆ ಅಷ್ಟು ಕಾಳಜಿ ಮಾಡಿದ್ದನ್ನು ನಾನು ಕಾಣೆ.

ಆ ವರ್ಷ ನವರಾತ್ರಿಗೆ ಮೈಸೂರಿನ ಅಕ್ಕನ ಮನೆಗೆ ಹೊರಟಿದ್ದೆ. ಯಜಮಾನರು ಮಿಲ್ಲಿನ ಬೆಲ್ಟು ಬಿಚ್ಚಿ ಒರೆಸುತ್ತಿದ್ದರು.

"ಮೇಡಂ, ಆಯುಧಪೂಜೆಗೆ ನಿಮ್ ಐಸ್ ಪೆಟ್ಟಿಗೆಗೂ ಪೂಜೆ ಮಾಡ್ಲಾ?"

"ಮಾಡಿ ಯಜಮಾನ್ರೇ, ಎರಡು ಹೂ ಇಡಿ," ಎಂದೆ. ಹಿಂದಿನ ವರ್ಷ ನಾನೇ ಅದಕ್ಕೆ ಕುಂಕುಮ ಇಟ್ಟಿದ್ದೆ.

ವಿಜಯದಶಮಿಯ ಮಾರನೆಯ ದಿನ ಬಂದರೆ ಬಾಗಿಲಲ್ಲಿ ಒಡೆದ ಬೂದುಗುಂಬಳದ ಕೆಂಪು ನೀರು ಒಣಗಿತ್ತು. ಯಜಮಾನರು ಮುಖವರಳಿಸಿಕೊಂಡು ಎದುರು ಬಂದರು.

"ಬನ್ನಿ ಮೇಡಂ, ನಿಮ್ ಮಿಷಿನ್ ನೋಡಿ. ಹೊಸಾದಂಗೆ ಮಾಡಿದೀವಿ."

ಫ್ರೀಜರ್ ಫಳಫಳ ಹೊಳೆಯುತ್ತಿತ್ತು. ಎರಡು ಕಡೆ ಪುಟ್ಟ ಬಾಳೆಕಂದು, ಮೇಲೆ ಚೆಂಡುಹೂವಿನ ಹಾರ, ವಿಭೂತಿ, ಕುಂಕುಮ.

"ಒಳಗೆ ಗೋಡೆ ತುಂಬ ಐಸ್ ಕಟ್ಕೊಂಡಿತ್ತು. ಕೊಳೆ ಮಿಷಿನ್‌ಗೆ ಪೂಜೆ ಮಾಡಕ್ಕಾಗತ್ತಾ? ಆಫ್ ಮಾಡಿ, ಎಲ್ಲಾ ಹೊರಗಿಟ್ಟು, ಬಿಸಿನೀರಲ್ಲಿ ತೊಳೆದ್ವಿ. ಅವತ್ತು ಮಿಲ್ಲಿಗೂ ರೆಸ್ಟು, ನಿಮ್ ಮಿಷಿನ್‌ಗೂ ರೆಸ್ಟು."

"ಹೊರಗಿಟ್ಟು ಅಂದ್ರೆ?"

"ಗಾಬ್ರಿ ಆಗ್ಬೇಡಿ. ಒಂದು ತೊಟ್ಟೂ ಚೆಲ್ಲಿಲ್ಲ. ಕರಗಿದ್ದನ್ನೆಲ್ಲ ಪಾತ್ರೆಗೆ ಹಾಕಿ ಮತ್ತೆ ಫ್ರೀಜ್ ಮಾಡಿದೀವಿ. ಸ್ವಲ್ಪ ಧೂಳಿತ್ತು, ನಮ್ಮನೆಯವಳು ಬಿಳಿ ಬಟ್ಟೆಲಿ ಸೋಸಿದ್ಲು. ನೋಡಿ, ಕಲ್ಲಾಗಿದೆ."

ಮುಚ್ಚಳ ತೆಗೆದರು. ಒಳಗೆ ಇಡ್ಲಿ ಪಾತ್ರೆ, ಹಾಲಿನ ಪಾತ್ರೆ, ಎರಡು ಸ್ಟೀಲ್ ಡಬ್ಬಿ. ನನ್ನ ಕಂಬಗಳು ಇಡ್ಲಿ ಪಾತ್ರೆಯ ಆಕಾರದಲ್ಲಿ ಗಟ್ಟಿಯಾಗಿ ಕೂತಿದ್ದವು. ಹಿಮ ಅಷ್ಟೂ ಅಲ್ಲೇ ಇತ್ತು. ನನಗೆ ಬೇಕಾದದ್ದು ಒಂದೂ ಇರಲಿಲ್ಲ. ಯಾವ ವರ್ಷ ಎಲ್ಲಿ ಮುಗಿದು ಯಾವುದು ಶುರುವಾಯಿತು ಎಂದು ಇನ್ನು ಬ್ರಹ್ಮನೂ ಹೇಳಲಾರ. ಆ ಧೂಳಿಗಾಗಿಯೇ ನಾನು ಭೂಮಿಯ ತುದಿಯವರೆಗೆ ಹೋಗಿದ್ದೆ. ಅದು ಅವರ ಹೆಂಡತಿಯ ಬಿಳಿ ಬಟ್ಟೆಗೆ ಅಂಟಿ, ಒಗೆದ ನೀರಿನೊಡನೆ ಹೋಗಿತ್ತು; ಬಟ್ಟೆ ತಂತಿಯ ಮೇಲೆ ಒಣಗುತ್ತಿತ್ತು.

ಕೂಗಾಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಯಜಮಾನರು ಕೈಕಟ್ಟಿ ನಿಂತು ಕೇಳಿಸಿಕೊಂಡರು. ನೀರೂ ಅದೇ, ಐಸೂ ಅದೇ ಅಲ್ವಾ ಎಂಬ ಪ್ರಶ್ನೆ ಅವರ ಕಣ್ಣಲ್ಲಿತ್ತು. ಕೊನೆಗೆ ಹೇಳಿದೆ: "ಗೋಧಿ, ರಾಗಿ, ಜೋಳ, ಕಡಲೆ ಎಲ್ಲ ಒಟ್ಟಿಗೆ ನಿಮ್ಮ ಮಿಲ್ಲಿಗೆ ಸುರಿದು ಬೀಸಿಬಿಟ್ರೆ, ಆಮೇಲೆ ಬೇರೆ ಬೇರೆ ಮಾಡಿ ಕೊಡಕ್ಕಾಗತ್ತಾ?" ಅವರ ಮುಖ ಕಪ್ಪಿಟ್ಟಿತು. ಅಲ್ಲೇ ಮೆಟ್ಟಿಲ ಮೇಲೆ ಕೂತು, ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ನನಗೆ ಕನಿಕರ ಹುಟ್ಟಲಿಲ್ಲ. ಅಳಬೇಕಾದವಳು ನಾನು, ಇವರು ಯಾಕೆ ಅಳುತ್ತಾರೆ ಎಂದು ಇನ್ನಷ್ಟು ಉರಿಯಿತು.

ಪ್ರಾಜೆಕ್ಟು ಮುಚ್ಚಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಅಷ್ಟು ವರ್ಷದ ದುಡಿಮೆ. ಜಯನಗರದ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದೆ. ಸಮುದ್ರವನ್ನೇ ನೋಡದ ಮಕ್ಕಳಿಗೆ ಸಮುದ್ರದ ಪ್ರವಾಹಗಳ ಚಿತ್ರ ಬೋರ್ಡಿನ ಮೇಲೆ ಬರೆಯುವುದು. ಬೆಳಗ್ಗೆ ಎದ್ದರೆ ಬೆನ್ನು ನೋಯುತ್ತಿತ್ತು, ಬೆನ್ನು ನೋಯಿತೆಂದರೆ ಹಡಗು ನೆನಪಾಗುತ್ತಿತ್ತು, ಹಡಗು ನೆನಪಾದರೆ ಇಡ್ಲಿ ಪಾತ್ರೆ. ಬದುಕು ಯಾಕೆ ಹೀಗಾಯಿತು ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರ ಸಿದ್ಧವಿತ್ತು: ಇಟ್ಟಮಡುವಿನ ಒಬ್ಬ ಮಿಲ್ಲಿನವನು. ಆ ಉತ್ತರ ನನ್ನನ್ನು ಎಷ್ಟು ವರ್ಷ ಹಿಡಿದು ನಿಲ್ಲಿಸಿತು ಎಂದು ಆಗ ಗೊತ್ತಿರಲಿಲ್ಲ.

ಪ್ರತಿ ವರ್ಷ ಆಯುಧಪೂಜೆಯ ಹಿಂದಿನ ದಿನ ಅವರ ಫೋನು ಬರುತ್ತಿತ್ತು. "ಪೂಜೆಗೆ ಬನ್ನಿ ಮೇಡಂ, ಕಡ್ಲೆಪುರಿ ಎತ್ತಿಟ್ಟಿರ್ತೀನಿ." ಆಮೇಲೆ ಗಂಟಲು ಸರಿಮಾಡಿಕೊಂಡು, "ಆ ಐಸು... ಇನ್ನೊಂದ್ಸಲ ಯಾರ ಕೈಲಾದ್ರೂ ತರ್ಸಕ್ಕಾಗಲ್ವಾ?" ನಾನು "ನೋಡೋಣ" ಎಂದು ಇಟ್ಟುಬಿಡುತ್ತಿದ್ದೆ. ಒಮ್ಮೆಯೂ ಹೋಗಲಿಲ್ಲ. ಆದರೆ ಆ "ನೋಡೋಣ" ಪೂರ್ತಿ ಸುಳ್ಳಲ್ಲ. ಅಲ್ಲಿ ಆ ಇಳಿಜಾರು ಇದ್ದೇ ಇದೆಯಲ್ಲ, ನಾನಲ್ಲದಿದ್ದರೆ ಇನ್ನೊಬ್ಬರು ಹೋಗಿ ಓದುತ್ತಾರೆ ಎಂದು ಒಳಗೊಳಗೇ ಆಸೆ ಇತ್ತು.

ಹಾಗೆ ಒಬ್ಬಳು ಹೋದಳು ಕೂಡ. ಹಡಗಿನಲ್ಲಿ ನನ್ನ ಪಕ್ಕದ ಬಂಕಿನಲ್ಲಿ ಮಲಗುತ್ತಿದ್ದ ಗೆಳತಿ. ಎರಡು ಸಾವಿರದ ನಂತರದ ಒಂದು ವರ್ಷ ಅದೇ ಇಳಿಜಾರಿನಲ್ಲಿ ಮತ್ತೆ ಕೊರೆದು ಬಂದಳು. ನವರಾತ್ರಿಯ ಹೊತ್ತಿಗೆ ಬೆಂಗಳೂರಿಗೆ ಬಂದವಳು ಜಯನಗರ ನಾಲ್ಕನೇ ಬ್ಲಾಕಿನ ದರ್ಶಿನಿಯೊಂದರಲ್ಲಿ ಕಾಫಿ ಕುಡಿಯುತ್ತ ಫೋಟೊ ತೋರಿಸಿದಳು. ಕಂಬದ ಮೇಲ್ಭಾಗವೆಲ್ಲ ಗೋಲಿಯ ಗಾಜಿನಂತೆ ಪಾರದರ್ಶಕ. ಒಂದು ಗೆರೆಯೂ ಇಲ್ಲ.

"ಬೇಸಿಗೇಲಿ ಮೇಲಿಂದು ಕರಗಿ, ನೀರು ಕೆಳಗಿಳಿದು, ಅಲ್ಲೇ ಮತ್ತೆ ಹೆಪ್ಪುಗಟ್ಟಿದೆ ಕಣೇ," ಎಂದಳು. "ಕೆಳಗಿನ ಪದರಗಳಿಗೂ ಇಳಿದಿದೆ. ಓದಕ್ಕೆ ಏನೂ ಉಳಿದಿಲ್ಲ."

ಕಾಫಿ ಆರಿಹೋಯಿತು. ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಇಡ್ಲಿ ಪಾತ್ರೆ.

ಎರಡು ದಿನದ ಮೇಲೆ ಆಯುಧಪೂಜೆ. ಯಾಕೆ ಹೋದೆನೋ, ಬಸ್ಸು ಹತ್ತಿ ಇಟ್ಟಮಡುವಿಗೆ ಹೋದೆ. ಬೀದಿಯ ಗುರುತೇ ಸಿಗಲಿಲ್ಲ. ಮಿಲ್ಲು ಮೂಲೆಗೆ ಸರಿದು, ಮೇಲೆ ಮೂರಂತಸ್ತು ಎದ್ದಿತ್ತು. ಬಾಡಿಗೆಯವರ ಬೈಕು, ಕಾರುಗಳು ಬೀದಿಯುದ್ದಕ್ಕೂ ಹಾರ ಹಾಕಿಕೊಂಡು ನಿಂತಿದ್ದವು. ಯಜಮಾನರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಕೈಯಲ್ಲಿದ್ದ ಬೂದುಗುಂಬಳವನ್ನು ಕೆಳಗಿಟ್ಟು, ಓಡಿಹೋಗಿ ಕುರ್ಚಿ ತಂದರು.

"ಐಸು ಬಂತಾ ಮೇಡಂ?"

"ಇಲ್ಲ ಯಜಮಾನ್ರೇ. ಇನ್ನು ಬರಲ್ಲ. ಅಲ್ಲೂ ಕರಗಿ, ಎಲ್ಲಾ ಕಲೆಸಿಹೋಗಿ, ಮತ್ತೆ ಗಟ್ಟಿ ಆಗಿದೆ. ನಮ್ಮ ಫ್ರೀಜರಲ್ಲಿ ಆಯ್ತಲ್ಲ, ಹಾಗೇ."

ಅವರು ಕೆಳಗಿಟ್ಟಿದ್ದ ಬೂದುಗುಂಬಳವನ್ನು ಎತ್ತಿ ಗೋಡೆಯ ಪಕ್ಕಕ್ಕೆ ಸರಿಸಿದರು. ಆಮೇಲೆ ತುಂಬ ಮೆಲ್ಲಗೆ ಕೇಳಿದರು: "ಅಲ್ಲಿ ಯಾರು ಆಫ್ ಮಾಡಿದ್ರು ಮೇಡಂ?"

ಅಷ್ಟರಲ್ಲಿ ಮಂಗಳಾರತಿ ಮುಗಿದು, ಬೀದಿಯ ಗಾಡಿಗಳೆಲ್ಲ ಒಂದರ ಹಿಂದೆ ಒಂದು ಸ್ಟಾರ್ಟ್ ಆದವು. ಚಕ್ರದಡಿಯ ನಿಂಬೆಹಣ್ಣುಗಳು ಅಪ್ಪಚ್ಚಿಯಾದವು. ಹೊಗೆಗೆ ಯಜಮಾನರು ಕೆಮ್ಮಿದರು, ನಾನೂ ಕೆಮ್ಮಿದೆ. ಎಷ್ಟೋ ವರ್ಷ ಈ ಮನುಷ್ಯನನ್ನು ಬೈದುಕೊಂಡೇ ಬದುಕಿದ್ದೆ. ಈಗ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ಬೈಯಲು ಒಬ್ಬರೂ ಸಿಗಲಿಲ್ಲ. ಅವರು ಕಡ್ಲೆಪುರಿಯ ಪೊಟ್ಟಣ ಕೊಟ್ಟರು, ನಾನು ಸೆರಗೊಡ್ಡಿ ತೆಗೆದುಕೊಂಡೆ.