ಕೌಸರ್ ಇಟ್ಟ ಸೀಸದ ಅಕ್ಷರ

ಕೌಸರ್‌ಗೆ ಈಗ ನಲವತ್ತೈದು ವರ್ಷ. 2001ರಲ್ಲಿ ಕಮಲಾಪುರದ ಆಸ್ಪತ್ರೆಯೊಂದರ ಎಕ್ಸ್‌ರೇ ಕೋಣೆಗೆ ಸಹಾಯಕಿಯಾಗಿ ಬಂದಾಗ ಇಪ್ಪತ್ತೆರಡು. ಅಲ್ಲಿ ನಾನು ಹಿರಿಯ ತಂತ್ರಜ್ಞನಾಗಿದ್ದೆ. ಕತ್ತಲೆಕೋಣೆಯಲ್ಲಿ ಫಿಲ್ಮ್ ತೊಳೆಯುವುದನ್ನೂ, ರೋಗಿಯ ಬಲಬದಿ ಯಾವುದೆಂದು ಫಿಲ್ಮಿನಲ್ಲಿ ಮೂಡಲೆಂದು ಸೀಸದ ‘ಆರ್’ ಅಕ್ಷರವನ್ನು ಇಡುವುದನ್ನೂ ಆಕೆಗೆ ಕಲಿಸಿದವನು ನಾನು. ಈಗ ಇದನ್ನು ಯಾರೂ ಹೇಳದಿರುವುದರಿಂದ ನಾನೇ ಬರೆದಿಡುತ್ತಿದ್ದೇನೆ.

ನನ್ನ ನಿವೃತ್ತಿಯ ನಂತರ ಆಕೆ ಡಿಪ್ಲೊಮಾ ಮುಗಿಸಿದಳು. ಈಗ ಕಲಬುರಗಿಯ ಸ್ಕ್ಯಾನಿಂಗ್ ಕೇಂದ್ರವೊಂದರಲ್ಲಿ ಕೆಲಸ. ನಿತ್ಯ ಕಮಲಾಪುರದಿಂದ ಬಸ್ಸು. ಬಸ್ಸಿನಲ್ಲೇ ಮೊಬೈಲ್ ತೆರೆದು ಆನ್‌ಲೈನ್ ಕಾಲೇಜಿನ ಪಾಠ. ಉನ್ನತ ವೈದ್ಯಕೀಯ ಚಿತ್ರಣ, ಎರಡು ವರ್ಷದ ಕೋರ್ಸು. ನಾನು 1986ರಲ್ಲೊಮ್ಮೆ, 1991ರಲ್ಲೊಮ್ಮೆ ಹೈದರಾಬಾದಿನ ತರಬೇತಿಗೆ ಅರ್ಜಿ ಹಾಕಿದ್ದೆ. ಎರಡು ಬಾರಿಯೂ ತಿರಸ್ಕರಿಸಿದರು. ಈಕೆಗೆ ಅದೇ ವಿದ್ಯೆ ಕಿಟಕಿ ಪಕ್ಕದ ಸೀಟಿಗೇ ಬಂದು ಕೂತಿದೆ. ಇದು ಯಾವ ನ್ಯಾಯ?

ಕಳೆದ ನವೆಂಬರಿನ ಒಂದು ಭಾನುವಾರ ಆಕೆ ಕಲಬುರಗಿಯ ಬ್ರಹ್ಮಪುರದಲ್ಲಿರುವ ನಮ್ಮ ಮನೆಗೆ ಬಂದಳು.

“ಸರ್, ನಿಮ್ದೊಂದು ಸಹಿ ಬೇಕಾಗ್ಯದ್ರೀ. ಮೊದಲು ಯಾರ ಕೈಯಾಗ ಕೆಲಸ ಮಾಡೀನೋ ಅವ್ರೇ ಬರೀಬೇಕಂತ. ಶನಿವಾರದೊಳಗ ಕಳಿಸ್ಲಿಲ್ಲಂದ್ರ ಪರೀಕ್ಷೆಗೆ ಕೂಡಿಸಂಗಿಲ್ಲ.”

ನಾಲ್ಕು ಪುಟದ ನಮೂನೆ. ಮೂರು ಪುಟ ತುಂಬಿದೆ. ನಾಲ್ಕನೆಯದರಲ್ಲಿ ಒಂದು ಪ್ರಶ್ನೆ: ಅಭ್ಯರ್ಥಿಯ ಮೇಲೆ ಎಂದಾದರೂ ಶಿಸ್ತು ಕ್ರಮ ಜರುಗಿಸಲಾಗಿದೆಯೇ?

“ಹೌದು ಅಂತ ಬರೀತೀನಿ,” ಎಂದೆ. “ಮೆಮೊ ಕೊಟ್ಟೀನಲ್ಲ.”

2004ರ ಆಗಸ್ಟ್ 12. ಕೆಮ್ಮಿಗೆಂದು ಬಂದ ಗುಂಡಣ್ಣನೆಂಬ ಬಾಳೆಹಣ್ಣಿನ ವ್ಯಾಪಾರಿಯ ಎದೆಯ ಫಿಲ್ಮ್. ಹೃದಯ ಎಡಕ್ಕಿರಬೇಕು, ಫಿಲ್ಮಿನಲ್ಲಿ ಅದು ‘ಆರ್’ ಇದ್ದ ಬದಿಗೇ ವಾಲಿತ್ತು. ಕೌಸರ್ ಅಕ್ಷರವನ್ನು ತಪ್ಪು ಬದಿಗೆ ಇಟ್ಟಿದ್ದಾಳೆಂದುಕೊಂಡು ನಾನು ಅದನ್ನು ಬ್ಲೇಡಿನಿಂದ ಕೆರೆದು, ಆಚೆ ಬದಿಗೆ ಬಿಳಿ ಶಾಯಿಯಲ್ಲಿ ಬರೆದೆ. ಆಕೆಗೆ ಮೆಮೊ ಕೊಟ್ಟೆ.

“ಸರ್, ಹೌದು ಅಂತ ಬರದ್ರ ನನ್ನ ಎರಡು ವರ್ಷ ನೀರಾಗ ಹೋಯ್ತು,” ಎಂದಳು ಕೌಸರ್. “ನಾನು ಅಕ್ಷರ ಸರೀನೇ ಇಟ್ಟಿದ್ದೆ. ಕೆಲವರಿಗಿ ಹುಟ್ಟಿನಿಂದಾನೇ ಹೃದಯ ಬಲಕ್ಕಿರ್ತದಂತ ಈ ಕೋರ್ಸಿನಾಗ ಪಾಠ ಬಂತ್ರೀ. ಗುಂಡಣ್ಣಂದೂ ಹಂಗೇ ಇರಬೇಕು,” ಎಂದಳು.

“ಮೊಬೈಲ್ ನೋಡಿ ಕಲ್ತದ್ದು ನನಗೇ ಕಲಿಸ್ತೀಯೇನು?”

ಆಕೆ ನಮೂನೆಯನ್ನು ಮೇಜಿನ ಮೇಲೇ ಬಿಟ್ಟು ಹೋದಳು. ನನ್ನ ಹೆಂಡತಿ ಶಾರದಾಬಾಯಿ ಚಹದ ಕಪ್ಪು ಎತ್ತುತ್ತ, “ಹೊಟ್ಟಿಕಿಚ್ಚು ಅಂತ ಬಾಯ್ಬಿಟ್ಟು ಹೇಳ್ರೀ, ನಿಯಮ ಯಾಕ ಹೇಳ್ತೀರಿ?” ಎಂದಳು. ನಾನು ನಮೂನೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ಆದರೆ ಪರಿಶೀಲಿಸದೆ ಬರೆಯುವುದು ನನ್ನ ಪದ್ಧತಿಯಲ್ಲ. ಆ ಮೆಮೊವನ್ನು ಹಾಗೆ ಬರೆದಿದ್ದೆನೇ ಎಂಬುದೇ ಈಗಿನ ಪ್ರಶ್ನೆ. ಬುಧವಾರ ಬೆಳಿಗ್ಗೆ ಕಮಲಾಪುರದ ಬಸ್ಸು ಹತ್ತಿದೆ. ಆಕೆಯ ಮಾತು ಸುಳ್ಳಾಗಲಿ ಎಂದು ದಾರಿಯುದ್ದಕ್ಕೂ ಬಯಸಿದೆನೆಂಬುದನ್ನು ಮುಚ್ಚಿಡುವುದಿಲ್ಲ.

ಗುಂಡಣ್ಣ ಈಗಲೂ ಬಸ್ ನಿಲ್ದಾಣದ ಹೊರಗೆ ಕೆಂಪು ಬಾಳೆಯ ಗೊನೆಗಳ ನಡುವೆ ಕೂತಿದ್ದ. ನನ್ನ ಗುರುತು ಹೇಳಿ, “ಅಂಗಿ ಗುಂಡಿ ಬಿಚ್ಚು,” ಎಂದೆ.

“ಹಣ್ಣು ತಗೊಳ್ಳಾಕ ಬಂದೀರೋ, ವರಾ ನೋಡ್ಲಾಕ ಬಂದೀರೋ ಸಾಹೇಬ್ರ? ನನಗಾಗ್ಲೇ ಮೂರು ಮೊಮ್ಮಕ್ಕಳವ!” ಎಂದು ನಕ್ಕ, ಗುಂಡಿಯನ್ನೂ ಬಿಚ್ಚಿದ.

ಎಡ ಎದೆಯ ಮೇಲೆ ಅಂಗೈ ಇಟ್ಟೆ. ಏನೂ ತಿಳಿಯಲಿಲ್ಲ. ಬಲಕ್ಕೆ ಸರಿಸಿದೆ. ಅಲ್ಲಿ ಅದು ನಿಚ್ಚಳವಾಗಿ ಬಡಿಯುತ್ತಿತ್ತು.

“ನಂದು ಬಲಕ್ಕೇ ಬಡೀತದ್ರೀ. ನಾ ಸಣ್ಣವಿದ್ದಾಗಿಂದಾನೇ ನಮ್ಮವ್ವ ಹೇಳ್ತಿದ್ಲು,” ಎಂದ ಗುಂಡಣ್ಣ.

“ಅವತ್ತೇ ಯಾಕ ಹೇಳ್ಲಿಲ್ಲ?”

“ನೀವು ಕೇಳಿದ್ರೇನ್ರೀ? ‘ಉಸಿರು ಹಿಡಿ’ ಅಂದ್ರಿ. ಹಿಡಿದೆ.”

ಅಲ್ಲಿಂದ ನೇರವಾಗಿ ಕೌಸರ್‌ಳ ಮನೆಗೆ ನಡೆದೆ. ಅಂದು ಆಕೆಗೆ ರಜೆ. ಮಂಚದ ಮೇಲೆ ಕೂತು ಪಾಠ ಕೇಳುತ್ತಿದ್ದವಳು ಎದ್ದು ನಿಂತಳು. ನಾಲ್ಕನೆಯ ಪುಟವನ್ನು ಆಕೆಯ ಮುಂದೆಯೇ ತುಂಬಿದೆ. ಮೆಮೊ ಕೊಟ್ಟದ್ದು ಸತ್ಯವಾದ್ದರಿಂದ ‘ಇಲ್ಲ’ ಎಂದು ಬರೆಯಲು ಕೈ ಬರಲಿಲ್ಲ. ಜಾಗ ಸಾಲದೆ ಅಂಚಿನಲ್ಲೂ ಬರೆದೆ: “ಹೌದು. 12-8-2004ರಂದು ಮೆಮೊ ನೀಡಲಾಗಿದೆ. ಅಭ್ಯರ್ಥಿ ಅಕ್ಷರವನ್ನು ಸರಿಯಾದ ಬದಿಗೇ ಇಟ್ಟಿದ್ದರು. ಮೆಮೊ ಕೊಟ್ಟ ನನ್ನದೇ ತಪ್ಪು. ರೋಗಿಯನ್ನು ಖುದ್ದಾಗಿ ಪರೀಕ್ಷಿಸಿ ದೃಢಪಡಿಸಿಕೊಂಡಿದ್ದೇನೆ.” ಸಹಿ, ದಿನಾಂಕ, ಸ್ಥಳ.

ಕೌಸರ್ ಎರಡು ಸಲ ಓದಿದಳು. “ಯಾ ಅಲ್ಲಾ! ಇಷ್ಟೆಲ್ಲಾ ಯಾಕ ಬರದ್ರೀ ಸರ್? ‘ಇಲ್ಲ’ ಅಂದಿದ್ರ ಸಾಕಿತ್ತು.”

“ನಿನಗ ಸಾಕಿತ್ತು,” ಎಂದೆ. “ಆ ಪಾಠ ಎಷ್ಟು ಹೊತ್ತಿಂದು?”

“ಹನ್ನೊಂದು ನಿಮಿಷದ್ದುರೀ.”

ಮೂವತ್ತೆರಡು ವರ್ಷಗಳ ಸೇವೆಯಲ್ಲಿ ನನಗೆ ಯಾರೂ ಆ ಹನ್ನೊಂದು ನಿಮಿಷ ಕೊಡಲಿಲ್ಲ.

ಕಾಲೇಜು ಆ ನಮೂನೆಯನ್ನು ಒಪ್ಪಿತು. ಕೌಸರ್ ಪರೀಕ್ಷೆ ಬರೆದು ನೂರಕ್ಕೆ ಎಂಬತ್ತೆರಡು ಅಂಕ ಪಡೆದಳು; ಅಂಕಪಟ್ಟಿಯನ್ನು ನಾನೇ ನೋಡಿದ್ದೇನೆ. ನನ್ನ ಅಸೂಯೆ ಹೋಯಿತೆಂದು ಇಲ್ಲಿ ಬರೆದರೆ ಅದು ನಾನು ಮಾಡುವ ಎರಡನೆಯ ಸುಳ್ಳು ದಾಖಲೆಯಾದೀತು.