ಆರು ಗಂಟೆಯ ಮಂಗಳಾರತಿ

ಬೆಳಗ್ಗೆ ಆರಕ್ಕೆ ಗುರುತಿಲ್ಲದವರು ಬಂದು ಮನೆಯವರ ಮೂತ್ರ ಹಿಡಿದುಕೊಂಡು ಹೋಗುತ್ತಾರೆ ಎಂದರೆ ತೀರ್ಥಹಳ್ಳಿಯಲ್ಲಿ ಯಾರೂ ನಂಬುವುದಿಲ್ಲ. ಯಜಮಾನರ ಔಷಧಿ ಕಾರ್ಖಾನೆ ಕೆಲಸಕ್ಕಾಗಿ ವೋಲ್ಗಾ ದಂಡೆಯ ಈ ರಷ್ಯನ್ ಊರಿಗೆ ಬರುವವರೆಗೆ ನಾನೂ ನಂಬಿರಲಿಲ್ಲ.

ಎದುರು ಮನೆಯ ಲೆನಾ ನಡಿಗೆ ಸ್ಪರ್ಧೆಯವಳು. ಇಪ್ಪತ್ತು ಕಿಲೋಮೀಟರ್, ಓಡುವಂತಿಲ್ಲ. ಫೋನಿನಲ್ಲಿ ಹೇಳಿದಾಗ ಅತ್ತೆ ನಕ್ಕರು. "ನಡೆಯೋಕೂ ಪದಕ ಕೊಡ್ತಾರನೇ? ಹಂಗಾದ್ರೆ ದನ ಹುಡುಕ್ತಾ ಕವಲೇದುರ್ಗ ಹತ್ತಿ ಇಳಿಯೋ ನಿನ್ನ ಚಿಕ್ಕತ್ತೆಗೆ ಒಂದು ಮೂಟೆ ಕೊಡ್ಬೇಕಿತ್ತು."

ನಗುವ ವಿಷಯವಲ್ಲವೆಂದು ಆಮೇಲೆ ತಿಳಿಯಿತು. ದಿನಕ್ಕೊಂದು ಗಂಟೆ ತಾನು ಎಲ್ಲಿರುತ್ತೇನೆಂದು ಲೆನಾ ಮೊದಲೇ ಬರೆದು ಕೊಡಬೇಕು. ಆ ಹೊತ್ತಿಗೆ ಉದ್ದೀಪನ ಮದ್ದಿನ ಪರೀಕ್ಷೆಯವರು ಹೇಳದೆ ಬರುತ್ತಾರೆ. ವರ್ಷದೊಳಗೆ ಮೂರು ಸಲ ಸಿಗದಿದ್ದರೆ ನಿಷೇಧ. ಅವಳದು ಬೆಳಗಿನ ಆರರಿಂದ ಏಳು. ಎರಡು ಸಲ ಆಗಲೇ ತಪ್ಪಿತ್ತು. ಬೇರೆಯವರ ಮದ್ದಿನ ತಪ್ಪಿಗೆ ಇಡೀ ದೇಶ ಅಂತರರಾಷ್ಟ್ರೀಯ ಕೂಟಗಳಿಂದ ಹೊರಗುಳಿದ ವರ್ಷಗಳಲ್ಲಿ ಅವಳ ಒಳ್ಳೆಯ ಪ್ರಾಯ ಕಳೆದಿತ್ತು. ಉಳಿದದ್ದು ಮುಂದಿನ ತಿಂಗಳ ರಾಷ್ಟ್ರೀಯ ಕೂಟ.

ಅಷ್ಟರಲ್ಲಿ ಅವಳ ಮನೆಯ ದೊಮೊಫೋನ್ ಕೆಟ್ಟಿತು. ಕೆಳಗಿನ ಕಬ್ಬಿಣದ ಬಾಗಿಲಲ್ಲಿ ಗುಂಡಿ ಒತ್ತಿದರೆ ಮನೆಯೊಳಗೆ ಕೂಗುವ ಯಂತ್ರವದು. ನಾವು ಮೇಲಿಂದ ಒತ್ತಿದರಷ್ಟೇ ಬಾಗಿಲು ತೆರೆಯುತ್ತದೆ. ತನ್ನ ಬದಲು ಎದುರಿನ ನಮ್ಮ ಮನೆಯ ಗುಂಡಿ ಒತ್ತಬೇಕೆಂದು ಲೆನಾ ಪರೀಕ್ಷೆಯವರಿಗೆ ಕೊಡುವ ಅರ್ಜಿಯಲ್ಲಿ ಬರೆದಳು.

"ತೆರೀತೀಯಲ್ಲ ಸುಮಾ?"

"ತೆರೀತೀನಿ."

ನಾಲ್ಕನೆಯ ದಿನ ಅದು ಕೂಗಿತು. ನನ್ನ ಕೈಯಲ್ಲಿ ಆರತಿ ಉರಿಯುತ್ತಿತ್ತು. ನಮ್ಮೂರಲ್ಲಾದರೆ ಆ ಹೊತ್ತಿಗೆ ಬಂದವರು ತಾವೇ ಚಪ್ಪಲಿ ಬಿಟ್ಟು ಒಳಗೆ ಬಂದು ಕೈಮುಗಿದು ನಿಲ್ಲುತ್ತಾರೆ. ಆರತಿ ಅರ್ಧಕ್ಕೆ ಬಿಟ್ಟು ಎದ್ದ ರೂಢಿ ನನಗಿಲ್ಲ. ಮತ್ತೆ ಕೂಗಿತು. ಮುಗಿಸಿ ಹೋಗಿ ಗುಂಡಿ ಒತ್ತಿದರೆ ಆಚೆ ಯಾರ ಸದ್ದೂ ಇಲ್ಲ. ಕಿಟಕಿಯಲ್ಲಿ ನೋಡಿದೆ, ಚೀಲ ಹೊತ್ತ ಇಬ್ಬರು ಹಿಮದಲ್ಲಿ ಗೇಟಿನ ಕಡೆ ಹೋಗುತ್ತಿದ್ದರು.

ಮಡಿಸೀರೆ, ರಬ್ಬರ್ ಚಪ್ಪಲಿ. ಐದು ಮಹಡಿ ಹೇಗೆ ಇಳಿದೆನೋ. ಕಲಿತ ರಷ್ಯನ್ ಎಲ್ಲ ಮರೆತು, "ನಿಲ್ಲಿ, ನಿಲ್ಲಿ ಮಾರಾಯ್ರೇ" ಎಂದು ಕೂಗುತ್ತಾ ಹಿಂದೆ ಓಡಿದೆ. ಇಬ್ಬರಲ್ಲಿ ಒಬ್ಬಾಕೆ ತಿರುಗಿ ನನ್ನ ಕಾಲು ನೋಡಿದಳು.

"ಹಿಂದಿನ ಬಾಗಿಲು ಹುಡುಕ್ತಿದ್ವಿ. ಏಳರ ತನಕ ಕಾಯ್ತೀವಿ. ಏಳಾದ ಮೇಲೆ, ಸಿಗಲಿಲ್ಲ ಅಂತ ಬರೀತೀವಿ."

ಅವರು ಕೆಲಸ ಮುಗಿಸಿ ಹೋದ ಮೇಲೆ ಲೆನಾ ನಮ್ಮ ಬಾಗಿಲಲ್ಲಿ ನಿಂತಳು. ಮುಖ ಬಿಳಿಚಿತ್ತು. ಆರತಿಯ ಮಧ್ಯೆ ಏಳಲಾಗಲಿಲ್ಲ ಎಂದೆ. "ನನ್ನ ಬದಲು ನಿನ್ನ ದೇವರು ನಡೀತಾನಾ?"

ಅವಳು ತನ್ನ ಮನೆಯೊಳಗೆ ಹೋಗಿ ಉಣ್ಣೆಯ ಕಾಲುಚೀಲ ತಂದು ನನ್ನ ಒದ್ದೆ ಕಾಲಿನ ಹತ್ತಿರ ಎಸೆದಳು. ಅದನ್ನೂ ದೇವರು ಕೊಟ್ಟದ್ದೆಂದೇ ಎತ್ತಿಕೊಂಡೆ.

ಮರುದಿನದಿಂದ ಪೂಜೆ ಏಳರ ನಂತರ.

"ದೇವ್ರ ಹೊತ್ತು ಬದಲಾಯಿಸ್ತಾರನೇ?" ಎಂದರು ಅತ್ತೆ ಫೋನಿನಲ್ಲಿ.

"ದೇವ್ರು ಕಾಯ್ತಾನೆ ಅತ್ತೆ. ಅವ್ರು ಏಳಕ್ಕೆ ಹೋಗ್ತಾರೆ."

ಅತ್ತೆ ಪೆನ್ನು ಹುಡುಕುವ ಸದ್ದು ಕೇಳಿಸಿತು. "ಆ ಹುಡುಗಿ ಹೆಸ್ರು ಸರಿಯಾಗಿ ಹೇಳು, ಸಂಕಲ್ಪಕ್ಕೆ ಬೇಕು. ಗೋತ್ರ ಭಟ್ರು ನೋಡ್ಕೋತಾರೆ."

ಲೆನಾ ಕೂಟದಲ್ಲಿ ಮೂರನೆಯವಳಾದಳು. ಇನ್ನೊಂದು ವರ್ಷ ನಡೆಯುತ್ತಾಳಂತೆ. ದೊಮೊಫೋನ್ ಇನ್ನೂ ರಿಪೇರಿಯಾಗಿಲ್ಲ.

ರಜೆಗೆ ತೀರ್ಥಹಳ್ಳಿಗೆ ಹೋದಾಗ ಗುಂಡಿಯ ಕೆಲಸ ಯಜಮಾನರಿಗೆ ಒಪ್ಪಿಸಿದ್ದೆ. ಅವರದು ಗಾಢ ನಿದ್ದೆ. ಊರಲ್ಲಿ ಪೂಜೆ ಮತ್ತೆ ಆರಕ್ಕೇ, ಮುಂಬಾಗಿಲು ದಿನವಿಡೀ ತೆರೆದೇ. ಆದರೆ ಊರಲ್ಲಿ ಎಂಟೂವರೆಯಾದರೆ ವೋಲ್ಗಾ ದಂಡೆಯಲ್ಲಿ ಆರು. ದೋಸೆ ಹುಯ್ಯುವ ಕೈ ತಾನೇ ನಿಲ್ಲುತ್ತಿತ್ತು.

"ಎಂತ ಕಿವಿಗೊಟ್ಟು ಕೇಳ್ತಿದೀಯೇ? ಯಾರೂ ಬಂದಿಲ್ಲ" ಎನ್ನುತ್ತಿದ್ದರು ಅತ್ತೆ.

ಒಂಬತ್ತೂವರೆ ದಾಟುವವರೆಗೆ ನಾನೂ ಆ ಮನೆಗೆ ಪೂರ್ತಿ ಬಂದಿರುತ್ತಿರಲಿಲ್ಲ.