ಉಳಿದದ್ದು ಒಂದೇ ಎಳೆ

ಕೇರಳ ರಾಜ್ಯವಾದ ಹೊಸತು. ಆಡಿಟ್ ಕೆಲಸಕ್ಕೆ ಕೊಚ್ಚಿಗೆ ಹೋದಾಗಲೆಲ್ಲ ನಾನು ಇಳಿದುಕೊಳ್ಳುತ್ತಿದ್ದದ್ದು ಅಲ್ಲೇ ನೆಲೆಸಿದ್ದ ಕಾಸರಗೋಡಿನ ಭಟ್ಟರ ಮನೆಯಲ್ಲಿ. ಅವರ ಮಗಳು ಸಾವಿತ್ರಿಗೆ ಹದಿಮೂರು ವರ್ಷ. ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುವ ಹುಡುಗಿ. ಅವಳ ಮಾತುಗಳನ್ನು ಇಲ್ಲಿ ನಾನೇ ಕನ್ನಡ ಮಾಡಿಕೊಂಡಿದ್ದೇನೆ. ಒಮ್ಮೆ ನಾನು ತಿರುವನಂತಪುರಕ್ಕೆ ಹೊರಟಾಗ ಒಂದು ಇಂಗ್ಲಿಷ್ ಕಾದಂಬರಿ ಕೈಗಿಟ್ಟು, "ಮಾಮ, ಬಸ್ಸಿನಲ್ಲಿ ನಿದ್ದೆ ಹೊಡೆಯಬೇಡಿ, ಇದನ್ನು ಓದಿ" ಅಂದಳು.

ಮಕ್ಕಳ ಪುಸ್ತಕವೆಂದು ಉದಾಸೀನದಿಂದ ತೆರೆದವನು, ಆಲಪ್ಪುಳದಲ್ಲಿ ಬಸ್ಸು ಊಟಕ್ಕೆ ನಿಂತರೂ ಇಳಿಯಲಿಲ್ಲ. ಕೊನೆಗೆ ಕತೆಯ ರಾಜಕುಮಾರ ಬೆಂಕಿ ಉಗುಳುವ ಬೆಟ್ಟದ ಬಾಯಿಯ ಮೇಲೆ ಹಗ್ಗ ಹಿಡಿದು ನೇತಾಡುತ್ತಿದ್ದ. ಹಗ್ಗದಲ್ಲಿ ಉಳಿದದ್ದು ಒಂದೇ ಎಳೆ. ಹಾಳೆ ತಿರುಗಿಸಿದರೆ ಬರೀ ರಟ್ಟು! ಮುಂದಿನ ಹಾಳೆಗಳನ್ನು ಯಾರೋ ಹರಿದಿದ್ದರು. ತಿರುವನಂತಪುರದಲ್ಲಿ ಲೆಕ್ಕ ನೋಡುವಾಗಲೂ ಆ ಪುಣ್ಯಾತ್ಮ ನನ್ನ ತಲೆಯಲ್ಲಿ ನೇತಾಡುತ್ತಲೇ ಇದ್ದ.

ಕೊಚ್ಚಿಗೆ ಮರಳಿದವನು ಚೀಲ ಕೆಳಗಿಡುವ ಮೊದಲೇ ಸಾವಿತ್ರಿಯನ್ನು ಕೇಳಿದೆ: "ಅವನು ಬದುಕಿದನೇನಮ್ಮ?"

"ಮೊದಲು ಮಾಮ ಹೇಳಿ. ನೀವಾದರೆ ಹೇಗೆ ಬದುಕಿಸುತ್ತೀರಿ?"

ನಾನು ಯೋಚಿಸಿಯೇ ಹೇಳಿದೆ: "ಮಂತ್ರಿ ಅರಮನೆಯ ಉಗ್ರಾಣದಿಂದ ಏಣಿ ತರಿಸುತ್ತಾನೆ."

"ಏಣಿಯಾ?" ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹೋದ ತಿಂಗಳು ಬಂದಿದ್ದ ಇನ್ನೊಬ್ಬ ಮಾಮ ಹದ್ದುಗಳ ಹಿಂಡನ್ನೇ ಕರೆಸಿದ್ದರು."

"ಹೋಗಲಿ, ಪುಸ್ತಕದಲ್ಲಿ ಏನಿತ್ತು?"

"ಅದರಲ್ಲೂ ಏಣಿಯೇ. ಅದಕ್ಕೇ ನಾನು ಹರಿದುಹಾಕಿದ್ದು."

ಬರೆದವನೂ ನಮ್ಮ ಆಡಿಟ್ ಇಲಾಖೆಯವನೇ ಇರಬೇಕು.